ಓಟ ಮತ್ತು ಪಾಸ್: ಅಮೆರಿಕನ್ ಫುಟ್‌ಬಾಲ್ ಆಫೆನ್ಸ್‌ನಲ್ಲಿ ಸಮತೋಲನ ಸಾಧಿಸುವ ಬಗೆ

2021ರ ಡಿಸೆಂಬರ್ 6ರಂದು ಬಫಲೋದಲ್ಲಿ ಬಿರುಗಾಳಿಯ ನಡುವೆ ನಡೆದ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಪಂದ್ಯದಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ 46 ಬಾರಿ ಚೆಂಡು ಹಿಡಿದು ಓಡಿತು, ಕೇವಲ 3 ಪಾಸ್ ಎಸೆಯಿತು, 14–10ರಿಂದ ಗೆದ್ದಿತು. ಅದಕ್ಕೂ ಸುಮಾರು ಐದು ವರ್ಷ ಮೊದಲು, 2017ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗ್‌ನ ಅಂತಿಮ ಪಂದ್ಯದಲ್ಲಿ, ಇದೇ ತಂಡ 3–28ರಿಂದ ಹಿಂದೆ ಬಿದ್ದಿದ್ದಾಗ ಕ್ವಾರ್ಟರ್‌ಬ್ಯಾಕ್ (ಆಟ ನಡೆಸಿ ಪಾಸ್ ಎಸೆಯುವ ಆಟಗಾರ) ಟಾಮ್ ಬ್ರೇಡಿ ಒಟ್ಟು 62 ಪಾಸ್ ಎಸೆದು, ಹೆಚ್ಚುವರಿ ಅವಧಿಯಲ್ಲಿ 34–28ರಿಂದ ಗೆಲ್ಲಿಸಿದರು. ಎರಡೂ ಪಂದ್ಯಗಳಲ್ಲಿ ಮುಖ್ಯ ಕೋಚ್ ಆಗಿದ್ದವರು ಬಿಲ್ ಬೆಲಿಚಿಕ್.

ಅಂಕಿಗಳನ್ನಷ್ಟೇ ನೋಡಿದರೆ ಎರಡೂ ಏಕಮುಖ ಆಟಗಳೆಂದೇ ತೋರುತ್ತವೆ. ಆದರೆ ಓಟ ಅರ್ಧ, ಪಾಸ್ ಅರ್ಧ ಇರಬೇಕೆಂಬ ಲೆಕ್ಕಾಚಾರದಿಂದ ಈ ಆಟದಲ್ಲಿ ಯಾರಿಗೂ ಪ್ರಯೋಜನವಾಗಿಲ್ಲ. ಎದುರಾಳಿ ಡಿಫೆನ್ಸ್ ಓಟವನ್ನು ತಡೆಯಲು ಆಳುಗಳನ್ನು ಮುಂದಕ್ಕೆ ತಂದರೆ ಪಾಸ್‌ನಲ್ಲಿ ದಂಡ ತೆರಬೇಕು, ಪಾಸ್ ತಡೆಯಲು ಹಿಂದಕ್ಕೆ ಸರಿದರೆ ಓಟದಲ್ಲಿ ದಂಡ ತೆರಬೇಕು. ಈ ಇಕ್ಕಟ್ಟನ್ನು ಪಂದ್ಯದುದ್ದಕ್ಕೂ ಉಳಿಸಿಕೊಳ್ಳುವ ಶಕ್ತಿಯನ್ನೇ ಇಲ್ಲಿ ಸಮತೋಲನವೆಂದು ಕರೆದಿದ್ದೇನೆ. ಶಾಲಾ ಅಥವಾ ಕ್ಲಬ್ ತಂಡಕ್ಕೆ ಸಹಾಯಕ ಕೋಚ್ ಆಗಿ ದುಡಿಯುವವರನ್ನು, ಅಮೆರಿಕದಲ್ಲಿ ಮಕ್ಕಳ ಆಟವನ್ನು ಗ್ಯಾಲರಿಯಿಂದ ನೋಡುವ ಕನ್ನಡಿಗ ಪೋಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ತಂಡಕ್ಕೆ ಹನ್ನೊಂದು ಆಟಗಾರರು, ನಾಲ್ಕು ಡೌನ್‌ಗಳಲ್ಲಿ ಹತ್ತು ಯಾರ್ಡ್ ಸಾಗಬೇಕು ಎಂಬಷ್ಟು ನಿಯಮ ಓದುಗರಿಗೆ ಗೊತ್ತಿದೆಯೆಂದು ಭಾವಿಸಿದ್ದೇನೆ.

ಹಂತ 1: ಏನನ್ನು ಎಣಿಸಬೇಕೆಂದು ಮೊದಲು ತೀರ್ಮಾನಿಸಿ

ಪಂದ್ಯ ಮುಗಿದ ಮೇಲೆ ಸಿಗುವ ಅಂಕಪಟ್ಟಿಯಲ್ಲಿ ಗೆದ್ದ ತಂಡ ಹೆಚ್ಚು ಓಡಿರುವುದು ಸಾಮಾನ್ಯವಾಗಿ ಕಾಣುತ್ತದೆ, ಇದರಿಂದ ಹೆಚ್ಚು ಓಡಿದರೆ ಗೆಲ್ಲಬಹುದು ಎಂಬ ನಂಬಿಕೆ ಹಲವು ಪೀಳಿಗೆಯ ಕೋಚ್‌ಗಳಲ್ಲಿ ಬೇರೂರಿದೆ. ಬಹುಪಾಲು ಸಂದರ್ಭಗಳಲ್ಲಿ ನಡೆಯುವುದು ಇದರ ತಿರುವುಮುರುವು: ಮುಂದಿರುವ ತಂಡ ಗಡಿಯಾರವನ್ನು ಕರಗಿಸಲು ಕೊನೆಯ ಕ್ವಾರ್ಟರ್‌ನಲ್ಲಿ ಓಡುತ್ತದೆ, ಹಿಂದಿರುವ ತಂಡ ಸಮಯ ಉಳಿಸಲು ಪಾಸ್ ಎಸೆಯುತ್ತದೆ. ಆದ್ದರಿಂದ ನಿಮ್ಮ ತಂಡದ ನಿಜವಾದ ಒಲವನ್ನು ಅಳೆಯಬೇಕಾದರೆ ಮೊದಲ ಮೂರು ಕ್ವಾರ್ಟರ್‌ಗಳನ್ನು, ಅದರಲ್ಲೂ ಅಂಕಗಳ ಅಂತರ ಒಂದು ಟಚ್‌ಡೌನ್‌ನೊಳಗಿದ್ದ ಭಾಗವನ್ನು ಮಾತ್ರ ಬೇರ್ಪಡಿಸಿ ನೋಡಬೇಕು.

ಎಷ್ಟು ಬಾರಿ ಓಡಿದೆವು ಎಂಬುದರ ಬದಲು ಪ್ರತಿ ಪ್ಲೇ (ಒಂದು ಡೌನ್‌ನ ಆಟ) ಯಶಸ್ವಿಯಾಯಿತೇ ಎಂದು ಗುರುತಿಸಿ. ಮೊದಲ ಡೌನ್‌ನಲ್ಲಿ ಬೇಕಾದ ದೂರದ ಸುಮಾರು ಶೇ 40, ಎರಡನೆಯದರಲ್ಲಿ ಉಳಿದ ದೂರದ ಅರ್ಧಕ್ಕಿಂತ ಹೆಚ್ಚು, ಮೂರನೆಯ ಮತ್ತು ನಾಲ್ಕನೆಯ ಡೌನ್‌ಗಳಲ್ಲಿ ಪೂರ್ತಿ ದೂರ ದಕ್ಕಿದರೆ ಅದನ್ನು ಯಶಸ್ಸೆಂದು ಗಣಿಸುವುದು ವಾಡಿಕೆಯ ಅಳತೆ. ಮೊದಲ ಡೌನ್‌ನಲ್ಲಿ ನಾಲ್ಕು ಯಾರ್ಡ್ ಓಟವೂ ಆರು ಯಾರ್ಡ್ ಪಾಸೂ ಈ ಅಳತೆಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಎನ್‌ಎಫ್‌ಎಲ್ ಮಟ್ಟದಲ್ಲಿ ಒಂದು ಓಟಕ್ಕೆ ಸರಾಸರಿ ನಾಲ್ಕು ಯಾರ್ಡ್‌ಗಿಂತ ತುಸು ಹೆಚ್ಚು, ಒಂದು ಪಾಸ್ ಯತ್ನಕ್ಕೆ ಏಳರ ಆಸುಪಾಸು ಸಿಗುತ್ತದೆ. ಹಾಗಿದ್ದರೆ ಓಡುವುದೇಕೆ ಎಂಬ ಪ್ರಶ್ನೆ ಸಹಜ. ಪಾಸ್ ಎಸೆಯಲು ಹೊರಟಾಗ ಕ್ವಾರ್ಟರ್‌ಬ್ಯಾಕ್ ಸ್ಯಾಕ್ ಆಗಬಹುದು (ಎಸೆಯುವ ಮೊದಲೇ ನೆಲಕ್ಕುರುಳಬಹುದು), ಚೆಂಡು ನೆಲಕ್ಕೆ ಬೀಳಬಹುದು, ಎದುರಾಳಿಯ ಕೈ ಸೇರಬಹುದು ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಇದಕ್ಕಿಂತ ಮುಖ್ಯವಾದದ್ದು: ಪಾಸ್‌ಗಳ ಪ್ರಮಾಣ ಹೆಚ್ಚಿದಂತೆಲ್ಲ ಡಿಫೆನ್ಸ್ ಅದಕ್ಕೆ ಒಗ್ಗಿಕೊಂಡು ನಿಲ್ಲುತ್ತದೆ, ಮುಂದಿನ ಪಾಸ್‌ನ ಫಲ ಸರಾಸರಿಗಿಂತ ಕಡಿಮೆಯಾಗುತ್ತದೆ. ಆದ್ದರಿಂದ ಹೋಲಿಸಬೇಕಾದದ್ದು ಓಟದ ಮತ್ತು ಪಾಸ್‌ನ ಒಟ್ಟು ಸರಾಸರಿಗಳನ್ನಲ್ಲ. ಈ ಹೊತ್ತಿನಲ್ಲಿ, ಈ ಎದುರಾಳಿಯ ವಿರುದ್ಧ, ಇನ್ನೊಂದು ಓಟ ಕರೆದರೆ ಎಷ್ಟು, ಇನ್ನೊಂದು ಪಾಸ್ ಕರೆದರೆ ಎಷ್ಟು ಎಂಬುದನ್ನು. ಇವೆರಡೂ ಸಮೀಪಕ್ಕೆ ಬಂದ ಕಡೆಯೇ ನಿಮ್ಮ ತಂಡಕ್ಕೆ ಸರಿಯಾದ ಅನುಪಾತ, ಅದು 50–50 ಆಗಿರಬಹುದು, 70–30 ಆಗಿರಬಹುದು.

ಹಂತ 2: ಇರುವ ಆಟಗಾರರಿಂದ ಆರಂಭಿಸಿ

ಅನುಪಾತವನ್ನು ನಿರ್ಧರಿಸುವುದು ಕ್ವಾರ್ಟರ್‌ಬ್ಯಾಕ್‌ನ ಕೈ ಎಂದು ಹೆಚ್ಚಿನವರು ಭಾವಿಸುತ್ತಾರೆ. ನಾನಾದರೆ ಮುಂದಿನ ಸಾಲಿನ ಐವರು ಲೈನ್‌ಮನ್‌ಗಳಿಂದ ಲೆಕ್ಕ ಶುರುಮಾಡುತ್ತೇನೆ. ಭಾರವಾಗಿದ್ದು ಮುನ್ನುಗ್ಗಬಲ್ಲ, ಆದರೆ ಹಿಂದಕ್ಕೆ ಹೆಜ್ಜೆಯಿಡುತ್ತ ವೇಗದ ಎದುರಾಳಿಯನ್ನು ಹಿಡಿದು ನಿಲ್ಲಿಸಲಾರದ ಲೈನ್ ಇದ್ದರೆ, ಕ್ವಾರ್ಟರ್‌ಬ್ಯಾಕ್ ಎಷ್ಟೇ ಪ್ರತಿಭಾವಂತನಾದರೂ ಅವನು ಎಸೆಯುವ ಮೊದಲೇ ನೆಲಕ್ಕುರುಳುತ್ತಾನೆ. ಅಂಥ ತಂಡಕ್ಕೆ ಓಟ ಪ್ರಧಾನವಾಗಿ, ಪಾಸ್‌ಗಳು ಚುಟುಕಾಗಿ ಅಥವಾ ಓಟದ ನಟನೆಯಿಂದ ಹುಟ್ಟುವಂತಿರಬೇಕು. ಚುರುಕಾದ, ಆದರೆ ಹಗುರಾದ ಲೈನ್ ಇದ್ದರೆ ಪಕ್ಕಕ್ಕೆ ಚಲಿಸುವ ಝೋನ್ ಓಟಗಳು, ಸ್ಕ್ರೀನ್‌ಗಳು (ನುಗ್ಗುವವರನ್ನು ಬರಲು ಬಿಟ್ಟು ಅವರ ಹಿಂದಕ್ಕೆ ಎಸೆಯುವ ಚುಟುಕು ಪಾಸ್‌ಗಳು) ಹೊಂದುತ್ತವೆ.

ಬಳಿಕ ಒಂದೋ ಎರಡೋ ಮೂಲ ಓಟಗಳನ್ನು ಆರಿಸಿಕೊಳ್ಳಿ. ವಾರಕ್ಕೆ ಕೆಲವೇ ಗಂಟೆ ಅಭ್ಯಾಸ ಮಾಡುವ ತಂಡಕ್ಕೆ ಒಂದು ಇನ್‌ಸೈಡ್ ಝೋನ್ (ಲೈನ್ ಒಟ್ಟಾಗಿ ಒಂದೇ ಬದಿಗೆ ಸರಿದು ಬ್ಲಾಕ್ ಮಾಡುವ ಒಳಗಿನ ಓಟ), ಗಾರ್ಡ್ (ಲೈನ್ ಮಧ್ಯದ ಸೆಂಟರ್‌ನ ಪಕ್ಕದ ಲೈನ್‌ಮನ್) ಒಬ್ಬನು ತನ್ನ ಜಾಗ ಬಿಟ್ಟು ಇನ್ನೊಂದು ಬದಿಗೆ ಹೋಗಿ ಬ್ಲಾಕ್ ಮಾಡುವ ಒಂದು ಪವರ್, ಇಷ್ಟು ಸಾಕು. ನಲವತ್ತು ಪ್ಲೇಗಳ ಪುಸ್ತಕ ಕೋಚ್‌ಗೆ ಹೆಮ್ಮೆ ತರಬಹುದು, ಲೈನ್‌ಮನ್‌ಗೆ ಗೊಂದಲವನ್ನಷ್ಟೇ ತರುತ್ತದೆ.

ಹಂತ 3: ಪಾಸ್‌ಗಳನ್ನು ಓಟದ ಒಡಲಿನಿಂದಲೇ ಹುಟ್ಟಿಸಿ

ಒಳ್ಳೆಯ ಲೆಗ್ ಸ್ಪಿನ್ನರ್ ಲೆಗ್ ಬ್ರೇಕ್ ಮತ್ತು ಗೂಗ್ಲಿ ಎರಡನ್ನೂ ಒಂದೇ ಓಟ, ಒಂದೇ ತೋಳಿನ ಚಲನೆಯಲ್ಲಿ ಎಸೆದಾಗ ಬ್ಯಾಟರ್‌ಗೆ ಚೆಂಡು ಪುಟಿಯುವವರೆಗೆ ಏನೂ ತಿಳಿಯದು. ಆಫೆನ್ಸ್ ಕೂಡ ಸ್ನ್ಯಾಪ್ (ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ಲೇ ಆರಂಭಿಸುವುದು) ಆದ ಮೊದಲ ಒಂದು ಕ್ಷಣದಲ್ಲಿ ಓಟವನ್ನೂ ಪಾಸನ್ನೂ ಹೀಗೆಯೇ ತೋರಿಸಬೇಕು. ಪ್ರತಿ ಮೂಲ ಓಟಕ್ಕೂ ಅದೇ ವ್ಯೂಹದಿಂದ, ಅದೇ ಮೊದಲ ಹೆಜ್ಜೆಗಳಿಂದ ಹೊರಡುವ ಒಂದು ಪ್ಲೇ ಆ್ಯಕ್ಷನ್ ಪಾಸ್ (ಓಟದ ನಟನೆ ಮಾಡಿ ಎಸೆಯುವ ಪಾಸ್), ಸಾಧ್ಯವಾದರೆ ಕ್ವಾರ್ಟರ್‌ಬ್ಯಾಕ್ ಎದುರು ದಿಕ್ಕಿಗೆ ಓಡಿ ಎಸೆಯುವ ಒಂದು ಬೂಟ್‌ಲೆಗ್ ಜೋಡಿಸಿ. ತಿರುಗುಮುರುಗಾಗಿ, ಪಾಸ್‌ನಂತೆ ತೋರಿಸಿ ಓಡುವ ಡ್ರಾ, ಎದುರಾಳಿಯ ನುಗ್ಗಾಟವನ್ನೇ ಬಳಸಿಕೊಳ್ಳುವ ಸ್ಕ್ರೀನ್ ಸಹ ಬೇಕು.

ಇಲ್ಲಿ ವಿವರಗಳೇ ಎಲ್ಲ. ಎದುರಾಳಿ ಲೈನ್‌ಬ್ಯಾಕರ್‌ಗಳು (ಡಿಫೆನ್ಸ್‌ನ ಮುಂದಿನ ಸಾಲಿನ ಹಿಂದೆ ನಿಲ್ಲುವವರು) ಚೆಂಡಿಗಿಂತ ಹೆಚ್ಚಾಗಿ ಗಾರ್ಡ್‌ಗಳ ಹೆಲ್ಮೆಟ್ ನೋಡುತ್ತಾರೆ. ಗಾರ್ಡ್ ತಲೆ ತಗ್ಗಿಸಿ ಮುನ್ನುಗ್ಗಿದರೆ ಓಟ, ತಲೆಯೆತ್ತಿ ಹಿಂದೆ ಸರಿದರೆ ಪಾಸ್ ಎಂದು ಶಾಲಾ ದಿನಗಳಿಂದಲೇ ಅವರಿಗೆ ಕಲಿಸಲಾಗಿರುತ್ತದೆ. ಆದ್ದರಿಂದ ಪ್ಲೇ ಆ್ಯಕ್ಷನ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ನ ನಟನೆಯಷ್ಟೇ ಗಾರ್ಡ್‌ಗಳ ನಟನೆಯೂ ಮುಖ್ಯ. ಚೆಂಡನ್ನು ನಿಜವಾಗಿ ಪಡೆಯುವಾಗ ಓಡುವ ವೇಗದಲ್ಲೇ ರನ್ನಿಂಗ್ ಬ್ಯಾಕ್ ಖಾಲಿ ಕೈಯಲ್ಲಿಯೂ ಓಡಬೇಕು, ಕ್ವಾರ್ಟರ್‌ಬ್ಯಾಕ್ ತನ್ನ ಬೆನ್ನನ್ನು ಡಿಫೆನ್ಸ್ ಕಡೆಗೆ ತಿರುಗಿಸುವ ಧೈರ್ಯ ತೋರಬೇಕು. ಲೈನ್‌ಬ್ಯಾಕರ್ ಎರಡು ಹೆಜ್ಜೆ ಮುಂದೆ ಬಂದರೆ ಸಾಕು, ಅವನ ಬೆನ್ನ ಹಿಂದೆ ಹನ್ನೆರಡರಿಂದ ಹದಿನೈದು ಯಾರ್ಡ್ ಆಳದಲ್ಲಿ ರಿಸೀವರ್‌ಗೆ ಜಾಗ ತೆರೆಯುತ್ತದೆ.

ಪ್ಲೇ ಆ್ಯಕ್ಷನ್ ಫಲಿಸಬೇಕಾದರೆ ಮೊದಲು ಓಟವನ್ನು ಸ್ಥಾಪಿಸಬೇಕು, ಅಂದರೆ ಹತ್ತಿಪ್ಪತ್ತು ಬಾರಿ ಓಡಿ ತೋರಿಸಬೇಕು ಎಂಬ ಮಾತನ್ನು ಟಿವಿ ವೀಕ್ಷಕ ವಿವರಣೆಯಲ್ಲಿ ಪ್ರತಿ ಭಾನುವಾರ ಕೇಳಬಹುದು. ಎನ್‌ಎಫ್‌ಎಲ್‌ನ ಪ್ಲೇಗಳನ್ನು ಒಂದೊಂದಾಗಿ ಪರಿಶೀಲಿಸಿದ ಅಂಕಿಅಂಶ ವಿಶ್ಲೇಷಕರಿಗೆ, ಆ ಪಂದ್ಯದಲ್ಲಿ ಅದಕ್ಕೆ ಮೊದಲು ಎಷ್ಟು ಬಾರಿ ಓಡಿದ್ದರು ಎಂಬುದಕ್ಕೂ ಪ್ಲೇ ಆ್ಯಕ್ಷನ್‌ನ ಫಲಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಂಡುಬಂದಿಲ್ಲ. ಲೈನ್‌ಬ್ಯಾಕರ್ ಕಣ್ಣೆದುರಿನ ಸೂಚನೆಗೆ ಪ್ರತಿಕ್ರಿಯಿಸುತ್ತಾನೆ. ಓಟದ ಎಣಿಕೆ ಇಟ್ಟುಕೊಂಡು ನಿಂತಿರುವುದಿಲ್ಲ. ನಟನೆ ನಂಬುವಂತಿದ್ದರೆ ಪಂದ್ಯದ ಮೊದಲ ಪ್ಲೇಯಲ್ಲೇ ಅದನ್ನು ಬಳಸಬಹುದು.

ಹಂತ 4: ಬಾಕ್ಸ್ ಎಣಿಸಲು ಕ್ವಾರ್ಟರ್‌ಬ್ಯಾಕ್‌ಗೆ ಕಲಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಪಾಲಿಸಲು ನಿಮಗೆ ಸಮಯವಿದ್ದರೆ ಇದನ್ನೇ ಪಾಲಿಸಿ. ಲೈನ್‌ನ ಎರಡು ತುದಿಗಳ ನಡುವೆ, ಚೆಂಡಿನಿಂದ ಐದಾರು ಯಾರ್ಡ್ ಒಳಗೆ ನಿಂತಿರುವ ಡಿಫೆಂಡರ್‌ಗಳ ಜಾಗಕ್ಕೆ ಬಾಕ್ಸ್ ಎನ್ನುತ್ತಾರೆ. ಒಬ್ಬ ರನ್ನಿಂಗ್ ಬ್ಯಾಕ್, ಒಬ್ಬ ಟೈಟ್ ಎಂಡ್ (ಲೈನ್ ತುದಿಯಲ್ಲಿ ನಿಂತು ಬ್ಲಾಕ್ ಮಾಡುವ, ಪಾಸನ್ನೂ ಹಿಡಿಯುವ ಆಟಗಾರ), ಮೂವರು ರಿಸೀವರ್‌ಗಳ ವ್ಯೂಹವನ್ನು ತೆಗೆದುಕೊಳ್ಳೋಣ. ಐವರು ಲೈನ್‌ಮನ್‌ಗಳು ಮತ್ತು ಟೈಟ್ ಎಂಡ್ ಸೇರಿ ನಿಮ್ಮ ಬಳಿ ಆರು ಬ್ಲಾಕರ್‌ಗಳಿದ್ದಾರೆ. ಬಾಕ್ಸ್‌ನಲ್ಲಿ ಆರು ಮಂದಿಯಿದ್ದರೆ ಪ್ರತಿಯೊಬ್ಬನಿಗೂ ಒಬ್ಬ ಬ್ಲಾಕರ್ ಸಿಗುತ್ತಾನೆ, ಓಡಿ. ಏಳು ಮಂದಿಯಿದ್ದರೆ ಒಬ್ಬ ಉಳಿಯುತ್ತಾನೆ. ಅವನನ್ನು ರನ್ನಿಂಗ್ ಬ್ಯಾಕ್ ತಾನೇ ತಪ್ಪಿಸಬೇಕು, ಇಲ್ಲವೇ ಕ್ವಾರ್ಟರ್‌ಬ್ಯಾಕ್ ಓಡುವ ಬೆದರಿಕೆಯಿಂದ ಅವನನ್ನು ಕಟ್ಟಿಹಾಕಬೇಕು. ಎಂಟು ಮಂದಿ ಬಂದರೆ ಹೊರಗಿನ ಮೂವರು ರಿಸೀವರ್‌ಗಳ ಎದುರು ಮೂವರೇ ಉಳಿಯುತ್ತಾರೆ, ಅವರ ಹಿಂದೆ ಕಾವಲಿಗೆ ಯಾರೂ ಇರುವುದಿಲ್ಲ. ಆಗ ಚೆಂಡನ್ನು ಎಸೆಯಬೇಕು, ಅದೂ ಬೇಗ ಎಸೆಯಬೇಕು, ಏಕೆಂದರೆ ಆ ಎಂಟೂ ಮಂದಿ ನುಗ್ಗಿದರೆ ತಡೆಯುವಷ್ಟು ಕೈಗಳು ನಿಮ್ಮಲ್ಲಿಲ್ಲ.

ಈ ಎಣಿಕೆಯನ್ನು ಪ್ಲೇ ಕರೆಯುವ ವಿಧಾನದೊಳಕ್ಕೇ ಸೇರಿಸಬಹುದು. ಹಡಲ್‌ನಲ್ಲಿ (ಪ್ಲೇಗೆ ಮುನ್ನ ಆಟಗಾರರು ಗುಂಪುಗೂಡಿದಾಗ) ಒಂದು ಓಟ, ಒಂದು ಪಾಸ್ ಎರಡನ್ನೂ ಹೇಳಿ, ಎಣಿಕೆ ಹೊಂದದಿದ್ದರೆ ಕ್ವಾರ್ಟರ್‌ಬ್ಯಾಕ್ ಲೈನ್ ಹಿಂದೆ ನಿಂತು ಮೊದಲನೆಯದನ್ನು ರದ್ದು ಮಾಡಿ ಎರಡನೆಯದಕ್ಕೆ ಬದಲಿಸುವ ಕೂಗನ್ನು ಕಲಿಸಿ. ಸ್ನ್ಯಾಪ್‌ಗೆ ಮುನ್ನ ಒಬ್ಬ ರಿಸೀವರ್‌ನನ್ನು ಅಡ್ಡಕ್ಕೆ ಚಲಿಸುವಂತೆ ಮಾಡಿದರೆ ಡಿಫೆನ್ಸ್‌ನ ಮನಸ್ಸು ಸ್ವಲ್ಪ ಬಯಲಾಗುತ್ತದೆ. ಆದರೆ ಒಳ್ಳೆಯ ಸೇಫ್ಟಿಗಳು (ಡಿಫೆನ್ಸ್‌ನ ಕೊನೆಯ ಕಾವಲುಗಾರರು) ಹಿಂದೆ ನಿಂತಂತೆ ತೋರಿಸಿ ಸ್ನ್ಯಾಪ್ ಹೊತ್ತಿಗೆ ಕೆಳಗಿಳಿದು ಬರುವುದರಿಂದ, ಎಣಿಕೆ ಸ್ನ್ಯಾಪ್ ಆದ ಮೇಲೂ ಮುಂದುವರಿಯಬೇಕಾಗುತ್ತದೆ.

ಆ ಅಗತ್ಯಕ್ಕೆ ಉತ್ತರವಾಗಿ ಬೆಳೆದದ್ದೇ ಆರ್‌ಪಿಒ (ರನ್-ಪಾಸ್ ಆಪ್ಷನ್). ಲೈನ್‌ಮನ್‌ಗಳು ಓಟಕ್ಕಾಗಿ ಬ್ಲಾಕ್ ಮಾಡುತ್ತಿರುವಾಗಲೇ ಕ್ವಾರ್ಟರ್‌ಬ್ಯಾಕ್ ಒಬ್ಬನೇ ಒಬ್ಬ ಡಿಫೆಂಡರ್‌ನನ್ನು ನೋಡುತ್ತಾನೆ: ಅವನು ಓಟದತ್ತ ಬಂದರೆ ಅವನು ಬಿಟ್ಟ ಜಾಗಕ್ಕೆ ಚುಟುಕು ಪಾಸ್, ಬಾರದಿದ್ದರೆ ಚೆಂಡು ರನ್ನಿಂಗ್ ಬ್ಯಾಕ್‌ಗೆ. ಲೈನ್‌ಮನ್‌ಗಳು ಎಷ್ಟು ಮುಂದೆ ಹೋಗಬಹುದೆಂಬ ನಿಯಮ ಇಲ್ಲಿ ನಿರ್ಣಾಯಕ. ಕಾಲೇಜು ಆಟದಲ್ಲಿ ಮೂರು ಯಾರ್ಡ್‌ವರೆಗೆ ಅವಕಾಶವಿದೆ, ಎನ್‌ಎಫ್‌ಎಲ್‌ನಲ್ಲಿ ಒಂದೇ ಯಾರ್ಡ್. ಹೀಗಾಗಿ ಕಾಲೇಜಿನಲ್ಲಿ ಕಾಣುವ ನಿಧಾನ ಬಗೆಯ ಆರ್‌ಪಿಒಗಳನ್ನು ವೃತ್ತಿಪರ ಆಟದಲ್ಲಿ ಹಾಗೆಯೇ ನಕಲು ಮಾಡಲಾಗದು. ನಿಮ್ಮ ಲೀಗ್‌ನ ನಿಯಮವನ್ನು ಓದಿಯೇ ಪ್ಲೇ ಬರೆಯಿರಿ.

2025ರ ಫೆಬ್ರುವರಿ 9ರ ಸೂಪರ್ ಬೌಲ್ ಈ ಹಂತಕ್ಕೆ ಒಳ್ಳೆಯ ಪಾಠ. ಫಿಲಡೆಲ್ಫಿಯಾ ಈಗಲ್ಸ್‌ನ ರನ್ನಿಂಗ್ ಬ್ಯಾಕ್ ಸಾಕ್ವಾನ್ ಬಾರ್ಕ್ಲಿ ಆ ಋತುವಿನ ಲೀಗ್ ಪಂದ್ಯಗಳಲ್ಲಿ 2,005 ಯಾರ್ಡ್ ಓಡಿದ್ದರಿಂದ, ಕಾನ್ಸಾಸ್ ಸಿಟಿ ಚೀಫ್ಸ್ ಅವರನ್ನು ಕಟ್ಟಿಹಾಕುವುದನ್ನೇ ಮೊದಲ ಕೆಲಸವಾಗಿ ಮಾಡಿಕೊಂಡಿತು, ಅದರಲ್ಲಿ ಯಶಸ್ವಿಯೂ ಆಯಿತು: 25 ಓಟಗಳಿಗೆ ಬರೀ 57 ಯಾರ್ಡ್. ಆದರೆ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ 22ರಲ್ಲಿ 17 ಪಾಸ್ ಮುಟ್ಟಿಸಿ 221 ಯಾರ್ಡ್ ಗಳಿಸಿದರು, ತಾವೂ 72 ಯಾರ್ಡ್ ಓಡಿದರು. ಈಗಲ್ಸ್ 40–22ರಿಂದ ಗೆದ್ದಿತು. ಬಾರ್ಕ್ಲಿಯ ಓಟಗಳು ಅಂಕಪಟ್ಟಿಯಲ್ಲಿ ಸೋತಂತೆ ಕಂಡರೂ, ಅವರ ಹೆಸರಿಗೆ ಎದುರಾಳಿ ತೆತ್ತ ಬೆಲೆ ಹರ್ಟ್ಸ್ ಖಾತೆಗೆ ಜಮೆಯಾಯಿತು ಎಂದೇ ನಾನು ಓದುತ್ತೇನೆ.

ಹಂತ 5: ನಿಮ್ಮ ಅಭ್ಯಾಸಗಳನ್ನು ಎದುರಾಳಿಗಿಂತ ಮೊದಲು ನೀವೇ ಪತ್ತೆಹಚ್ಚಿ

ಪ್ರತಿ ಪಂದ್ಯದ ನಂತರ ಪ್ರತಿ ಪ್ಲೇಯನ್ನೂ ಒಂದು ಹಾಳೆಯಲ್ಲಿ ಬರೆಯಿರಿ: ಡೌನ್, ದೂರ, ಮೈದಾನದ ಯಾವ ಭಾಗ, ವ್ಯೂಹ, ಯಾರು ಒಳಗಿದ್ದರು, ಓಟವೋ ಪಾಸೋ, ಯಾವ ಬದಿಗೆ. ಒಟ್ಟಾರೆ ಅನುಪಾತ ಸಮವಾಗಿದ್ದರೂ ಒಳಗಿನ ಕೋಣೆಗಳಲ್ಲಿ ಅದು ಪೂರ್ತಿ ವಾಲಿರುವುದು ಆಗ ಗೊತ್ತಾಗುತ್ತದೆ. ಕ್ವಾರ್ಟರ್‌ಬ್ಯಾಕ್ ಸೆಂಟರ್‌ನ ಬೆನ್ನಿಗೇ ನಿಂತಾಗಲೆಲ್ಲ ಓಟ, ಶಾಟ್‌ಗನ್‌ನಲ್ಲಿ ಹಿಂದೆ ನಿಂತಾಗಲೆಲ್ಲ ಪಾಸ್ ಎಂದಾದರೆ ಒಟ್ಟು ಲೆಕ್ಕ 50–50 ಇದ್ದೂ ನಿಮ್ಮ ಆಫೆನ್ಸ್ ತೆರೆದ ಪುಸ್ತಕ. ಎರಡನೆಯ ಟೈಟ್ ಎಂಡ್ ಓಡಿಬಂದ ಕೂಡಲೇ ಓಟ ಎಂದು ಗ್ಯಾಲರಿಯಲ್ಲಿರುವ ಪೋಷಕರೇ ಹೇಳಬಲ್ಲರಾದರೆ, ಎದುರಾಳಿ ಕೋಚ್‌ಗೆ ತಿಳಿಯದಿರುತ್ತದೆಯೇ? ಯಾವುದೇ ವ್ಯೂಹದಲ್ಲಿ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಒಂದೇ ಬಗೆಯ ಪ್ಲೇ ಬಂದಿದ್ದರೆ, ಮುಂದಿನ ವಾರಕ್ಕೆ ಅದೇ ವ್ಯೂಹದಿಂದ ಇನ್ನೊಂದು ಬಗೆಯ ಎರಡು ಪ್ಲೇಗಳನ್ನು ಸಿದ್ಧಪಡಿಸಿ.

ಡೌನ್‌ಗಳ ಲೆಕ್ಕದಲ್ಲಿ ಮೊದಲ ಡೌನ್ ಮತ್ತು ಹತ್ತು ಯಾರ್ಡ್ ಅತ್ಯಂತ ಸ್ವತಂತ್ರ ಸಂದರ್ಭ. ಡಿಫೆನ್ಸ್ ಎರಡನ್ನೂ ನಿರೀಕ್ಷಿಸಬೇಕಾಗಿರುವುದರಿಂದ ಪ್ಲೇ ಆ್ಯಕ್ಷನ್‌ಗೆ ಇದಕ್ಕಿಂತ ಹದವಾದ ಹೊತ್ತಿಲ್ಲ. ಎರಡನೆಯ ಡೌನ್‌ನಲ್ಲಿ ಒಂದೆರಡು ಯಾರ್ಡ್ ಮಾತ್ರ ಉಳಿದಿದ್ದರೆ ದೂರದ ಪಾಸ್ ಪ್ರಯತ್ನಿಸಿ, ತಪ್ಪಿದರೂ ಮೂರನೆಯ ಡೌನ್‌ನಲ್ಲಿ ಓಡಿ ಮುಗಿಸಬಹುದು. ಬಹಳ ಕೋಚ್‌ಗಳು ಜಾರುವುದು ಎರಡನೆಯ ಡೌನ್ ಮತ್ತು ಹತ್ತರಲ್ಲಿ: ಮೊದಲ ಪಾಸ್ ನೆಲಕ್ಕೆ ಬಿದ್ದ ಮುಜುಗರಕ್ಕೆ ಮರುಕ್ಷಣ ಓಟ ಕರೆಯುತ್ತಾರೆ, ಡಿಫೆನ್ಸ್ ಅದನ್ನೇ ಕಾದಿರುತ್ತದೆ, ಮೂರನೆಯ ಡೌನ್‌ಗೆ ಎಂಟೋ ಒಂಬತ್ತೋ ಯಾರ್ಡ್ ಉಳಿಯುತ್ತದೆ. ಮೂರನೆಯ ಡೌನ್‌ಗೆ ಏಳಕ್ಕಿಂತ ಹೆಚ್ಚು ಉಳಿದಾಗ ಸಮತೋಲನದ ಮಾತೇ ಹೆಚ್ಚುಕಡಿಮೆ ಮುಗಿಯುತ್ತದೆ. ಡ್ರಾ, ಸ್ಕ್ರೀನ್‌ಗಳು ಒಂದಿಷ್ಟು ನೆರವಾಗುತ್ತವೆ ಅಷ್ಟೆ.

ಹಂತ 6: ಆರಂಭದ ಪ್ಲೇಗಳನ್ನು ಮೊದಲೇ ಬರೆದಿಡಿ

ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡದ ಕೋಚ್ ಆಗಿದ್ದ ಬಿಲ್ ವಾಲ್ಶ್ ಪಂದ್ಯದ ಮೊದಲ ಹದಿನೈದು, ಮುಂದೆ ಇಪ್ಪತ್ತೈದು ಪ್ಲೇಗಳನ್ನು ಹಿಂದಿನ ದಿನಗಳಲ್ಲೇ ಪಟ್ಟಿ ಮಾಡಿಡುವ ಪದ್ಧತಿಯನ್ನು ಪ್ರಸಿದ್ಧಗೊಳಿಸಿದರು. ಓಟಕ್ಕೆ ಬದಲಾಗಿ ಚುಟುಕಾದ, ಅಡ್ಡ ಹರಡುವ ಪಾಸ್‌ಗಳಿಂದಲೇ ಮೈದಾನ ಕ್ರಮಿಸಬಹುದೆಂದು ತೋರಿಸಿದವರಲ್ಲಿ ಅವರೂ ಪ್ರಮುಖರು. ಪಟ್ಟಿಯ ಮೊದಲ ಉಪಯೋಗ ಪರೀಕ್ಷೆ: ನಿಮ್ಮ ನಾಲ್ಕೈದು ವ್ಯೂಹಗಳಲ್ಲಿ ಪ್ರತಿಯೊಂದರಿಂದಲೂ ಒಂದು ಓಟ, ಒಂದು ಪಾಸ್ ಬರುವಂತೆ ಜೋಡಿಸಿದರೆ, ಎರಡು ಸರದಿ ಮುಗಿಯುವಷ್ಟರಲ್ಲಿ ಯಾವುದಕ್ಕೆ ಡಿಫೆನ್ಸ್ ಹೇಗೆ ನಿಲ್ಲುತ್ತದೆಂದು ನಿಮಗೆ ಗೊತ್ತಾಗಿರುತ್ತದೆ. ಮೂರನೆಯ ಡೌನ್‌ಗಳಿಗೂ ಗೋಲ್ ರೇಖೆಯ ಬಳಿಗೂ ಬೇರೆ ಪಟ್ಟಿ ಇಡಿ.

ಹಂತ 7: ಗಡಿಯಾರ, ಅಂಕ, ಗಾಳಿ

ಹೊರಕ್ಕೆ ಹೋಗದ ಓಟದ ನಂತರ ಗಡಿಯಾರ ಓಡುತ್ತಲೇ ಇರುತ್ತದೆ, ಕೈಗೆ ಸಿಗದ ಪಾಸ್ ಅದನ್ನು ನಿಲ್ಲಿಸುತ್ತದೆ. ಕೊನೆಯ ನಿಮಿಷಗಳಲ್ಲಿ ಯಾರ್ಡ್‌ಗಳಿಗಿಂತ ಈ ನಿಯಮದ ತೂಕ ಹೆಚ್ಚು. 2017ರ ಅದೇ ಸೂಪರ್ ಬೌಲ್‌ನಲ್ಲಿ ಅಟ್ಲಾಂಟಾ ಫಾಲ್ಕನ್ಸ್ 28–20ರಿಂದ ಮುಂದಿದ್ದು, ಐದು ನಿಮಿಷಕ್ಕಿಂತ ಕಡಿಮೆ ಸಮಯವಿದ್ದಾಗ ಎದುರಾಳಿಯ 22 ಯಾರ್ಡ್ ರೇಖೆಯಲ್ಲಿತ್ತು. ಮೂರು ಬಾರಿ ಒಳಗೇ ಓಡಿ, ಸುಮಾರು 40 ಯಾರ್ಡ್‌ನ ಫೀಲ್ಡ್ ಗೋಲ್ (ಮೂರು ಅಂಕ) ಹೊಡೆದಿದ್ದರೆ ಅಂತರ ಹನ್ನೊಂದಾಗುತ್ತಿತ್ತು, ಪೇಟ್ರಿಯಟ್ಸ್ ಎರಡು ಬಾರಿ ಅಂಕ ಗಳಿಸಬೇಕಾಗುತ್ತಿತ್ತು. ಮೊದಲ ಓಟ ಒಂದು ಯಾರ್ಡ್ ಕಳೆದುಕೊಂಡಿತು. ಬಳಿಕ ಪಾಸ್‌ಗೆ ಹೊರಟ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯನ್ 12 ಯಾರ್ಡ್ ಹಿಂದೆ ಸ್ಯಾಕ್ ಆದರು, ಮುಂದಿನ ಪ್ಲೇಯಲ್ಲಿ ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದೆಳೆದ) ದಂಡ ಬಿತ್ತು, ಕೊನೆಗೆ ಪಂಟ್ ಮಾಡಿ, ಅಂದರೆ ಚೆಂಡನ್ನು ಒದ್ದು, ಎದುರಾಳಿಗೆ ಒಪ್ಪಿಸಬೇಕಾಯಿತು. ಪೇಟ್ರಿಯಟ್ಸ್ 91 ಯಾರ್ಡ್ ಸಾಗಿ ಸಮ ಮಾಡಿಕೊಂಡಿತು.

ಇದಕ್ಕೆ ಎದುರಾಗಿ 2015ರ ಸೂಪರ್ ಬೌಲ್ ಅನ್ನು ಇಡುತ್ತಾರೆ. ಸಿಯಾಟಲ್ ಸೀಹಾಕ್ಸ್ ಒಂದು ಯಾರ್ಡ್ ರೇಖೆಯಲ್ಲಿ, 26 ಸೆಕೆಂಡ್ ಉಳಿದಿದ್ದಾಗ, ಬಲಿಷ್ಠ ಓಟಗಾರ ಮಾರ್ಷಾನ್ ಲಿಂಚ್ ಇದ್ದೂ ಪಾಸ್ ಎಸೆದು, ಪೇಟ್ರಿಯಟ್ಸ್‌ನ ಮಾಲ್ಕಮ್ ಬಟ್ಲರ್‌ಗೆ ಚೆಂಡು ಒಪ್ಪಿಸಿ 28–24ರಿಂದ ಸೋತಿತು. ಪಾಸ್ ಕರೆದದ್ದೇ ಮೂರ್ಖತನ ಎಂಬ ಜನಪ್ರಿಯ ತೀರ್ಪನ್ನು ನಾನು ಒಪ್ಪಲಾರೆ. ಒಂದೇ ಟೈಮ್‌ಔಟ್ ಉಳಿದಿರುವಾಗ ಬಾಕಿಯಿದ್ದ ಮೂರೂ ಡೌನ್‌ಗಳನ್ನು ಬಳಸಬೇಕಾದರೆ ಅವುಗಳಲ್ಲಿ ಒಂದಾದರೂ ಪಾಸ್ ಆಗಿರುವುದು ಲೆಕ್ಕಕ್ಕೆ ಸರಿ. ಆಕ್ಷೇಪಿಸಬೇಕಾದದ್ದು ಆ ಪಾಸ್‌ನ ಆಯ್ಕೆಯನ್ನು: ಜನಸಂದಣಿಯ ಒಳಭಾಗಕ್ಕೆ ಎಸೆಯುವುದಕ್ಕಿಂತ, ಮೂಲೆಗೆ ಎತ್ತರವಾಗಿ ಎಸೆದು, ಸಿಗದಿದ್ದರೆ ಯಾರಿಗೂ ಸಿಗದಂತೆ ಹೊರಗೆ ಬೀಳಿಸುವುದು ಸುರಕ್ಷಿತವಾಗಿತ್ತು. ಗೋಲ್ ರೇಖೆಯ ಬಳಿಗೆ ಇಂಥ ಎರಡು ಪಾಸ್‌ಗಳನ್ನಾದರೂ ಅಭ್ಯಾಸ ಮಾಡಿಡಿ.

ಗಾಳಿ ಜೋರಾಗಿದ್ದರೆ ವಾರ್ಮ್-ಅಪ್‌ನಲ್ಲೇ ಎರಡೂ ದಿಕ್ಕಿಗೆ ಎಸೆದು ನೋಡಿ, ಯಾವ ಕ್ವಾರ್ಟರ್‌ನಲ್ಲಿ ಎಷ್ಟು ದೂರದ ಪಾಸ್ ಸಾಧ್ಯ ಎಂದು ಬರೆದುಕೊಳ್ಳಿ. ಮಳೆಗಿಂತ ಗಾಳಿ ಪಾಸ್‌ಗೆ ಹೆಚ್ಚು ತೊಡಕು.

ಹಂತ 8: ಅಭ್ಯಾಸದ ಸಮಯವನ್ನು ಪಂದ್ಯದ ಅನುಪಾತಕ್ಕೆ ಹೊಂದಿಸಿ

ಪಂದ್ಯದಲ್ಲಿ ಅರ್ಧ ಪಾಸ್ ಎಸೆಯಬೇಕೆಂದು ಬಯಸಿ, ಅಭ್ಯಾಸದ ಮುಕ್ಕಾಲು ಪಾಲನ್ನು ಓಟಕ್ಕೆ ಕೊಟ್ಟರೆ ಲೈನ್‌ಗೆ ಪಾಸ್ ರಕ್ಷಣೆ ಬರುವುದಿಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಕಾಲೇಜು ಕೋಚ್ ಆಗಿದ್ದು ಟೆಕ್ಸಸ್ ಟೆಕ್ ಮೊದಲಾದ ಕಡೆ ಪಾಸ್ ಪ್ರಧಾನವಾದ ಏರ್ ರೇಡ್ ಪದ್ಧತಿಯನ್ನು ಬೆಳೆಸಿದ ಮೈಕ್ ಲೀಚ್ ಓಟವನ್ನು ಬಹಳ ಕಡಿಮೆ ಬಳಸುತ್ತಿದ್ದರು, ಕೆಲವೇ ಪಾಸ್ ಪ್ಲೇಗಳನ್ನು ಸಾವಿರಾರು ಬಾರಿ ಪುನರಾವರ್ತಿಸುತ್ತಿದ್ದರು. ಚೆಂಡು ಎಲ್ಲ ಸ್ಥಾನಗಳ ಆಟಗಾರರ ಕೈಗೂ ತಲುಪುತ್ತಿದೆಯೇ ಎಂಬುದೇ ಅವರಿಗೆ ಸಮತೋಲನದ ಅಳತೆಯಾಗಿತ್ತು. ಟ್ರಿಪಲ್ ಆಪ್ಷನ್ ಓಟಕ್ಕೆ (ಮೂವರಲ್ಲಿ ಯಾರಾದರೂ ಚೆಂಡು ಹಿಡಿದು ಓಡಬಹುದಾದ ಓಟ) ಹೆಸರಾದ ಆರ್ಮಿ ಮತ್ತು ನೇವಿ ಕಾಲೇಜು ತಂಡಗಳು ಇನ್ನೊಂದು ತುದಿಯಲ್ಲಿದ್ದೂ, ಸ್ನ್ಯಾಪ್ ಆದ ಮೇಲೆ ಚೆಂಡು ಯಾರ ಕೈಯಲ್ಲಿ ಉಳಿಯುತ್ತದೆಂಬ ಅನುಮಾನದಿಂದಲೇ ಡಿಫೆನ್ಸ್ ಅನ್ನು ಹರಡುತ್ತವೆ. ಎರಡು ದಾರಿಗಳೂ ನಡೆಯುತ್ತವೆ. ಅವುಗಳ ನಡುವೆ ಪ್ರತಿ ವಾರ ಓಲಾಡುವ ತಂಡಕ್ಕೆ ಮಾತ್ರ ಯಾವುದೂ ದಕ್ಕುವುದಿಲ್ಲ. ತೀರಾ ಚಿಕ್ಕ ಮಕ್ಕಳ ಟ್ಯಾಕಲ್ ತಂಡಗಳಲ್ಲಿ ಪಾಸ್ ರಕ್ಷಣೆ ನಿಲ್ಲುವುದೇ ಕಷ್ಟವಾದ್ದರಿಂದ ಓಟ ಮೇಲುಗೈ ಪಡೆದರೆ ಬೇಸರಿಸಬೇಕಾಗಿಲ್ಲ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿರುವ ಐವರ ಫ್ಲ್ಯಾಗ್ ಫುಟ್‌ಬಾಲ್‌ನಲ್ಲಿ (ಕೆಡವುವ ಬದಲು ಸೊಂಟದ ಬಾವುಟ ಕಿತ್ತು ಓಟ ನಿಲ್ಲಿಸುವ ಆಟ) ಈ ಲೆಕ್ಕಗಳು ಬೇರೆ. ಅಲ್ಲಿ ದೇಹ ತಾಗಿಸಿ ಬ್ಲಾಕ್ ಮಾಡುವಂತಿಲ್ಲ, ಬಾಕ್ಸ್ ಎಣಿಕೆಗೆ ಅರ್ಥವಿಲ್ಲ. ಮಕ್ಕಳ ಎನ್‌ಎಫ್‌ಎಲ್ ಫ್ಲ್ಯಾಗ್ ನಿಯಮಗಳಲ್ಲಿ ಮೈದಾನದ ಮಧ್ಯರೇಖೆಗೂ ಎಂಡ್ ಝೋನ್‌ಗೂ ಮುಂಚಿನ ಐದು ಯಾರ್ಡ್‌ಗಳಲ್ಲಿ ಓಟಕ್ಕೆ ಅವಕಾಶವೇ ಇಲ್ಲ. ಆದ್ದರಿಂದ ಚೆಂಡು ಮಧ್ಯರೇಖೆಗೋ ಎಂಡ್ ಝೋನ್‌ಗೋ ಏಳೆಂಟು ಯಾರ್ಡ್ ದೂರವಿರುವಾಗ ಮೂರು ಯಾರ್ಡ್‌ಗಳ ಸಣ್ಣ ಓಟ ಕರೆಯುವುದು ನಷ್ಟದ ವ್ಯಾಪಾರ: ಮುಂದಿನ ಡೌನ್‌ನಲ್ಲಿ ನಿಮಗೆ ಪಾಸ್ ಒಂದೇ ಉಳಿಯುತ್ತದೆ ಎಂಬುದು ಎದುರಾಳಿಗೂ ಗೊತ್ತಿರುತ್ತದೆ. ಅಲ್ಲಿ ಓಡುವುದಾದರೆ ಆ ಐದು ಯಾರ್ಡ್‌ಗಳ ಪಟ್ಟಿಯನ್ನು ದಾಟಿಸಬಲ್ಲ ಓಟವನ್ನೇ ಕರೆಯಿರಿ.